ಮೂರನೇ ನಂಬರಿನ ಕನ್ನಡಿ

ಟ್ರಯಲಕ್ಕ ತೀರಿಕೊಂಡಳು. ಹೋದ ಮಂಗಳವಾರ, ಅಂಗಡಿಯಲ್ಲಿ, ತನ್ನ ಸ್ಟೂಲಿನ ಮೇಲೆ ಕೂತಲ್ಲೇ. ಹೃದಯ ನಿಂತಿತು ಎಂದು ಡಾಕ್ಟರು ಬರೆದುಕೊಟ್ಟರು.

ಇಷ್ಟು ಬರೆದು ಪೆನ್ನು ಕೆಳಗಿಟ್ಟೆ. ಮತ್ತೆ ಓದಿದೆ. ಬೇರೆ ಯಾರದೋ ಮನೆಯ ಸುದ್ದಿಯ ಹಾಗಿದೆ.

ಯಾಕೆಂದರೆ ನಾವೆಲ್ಲ ಕಾವಲು ಕೂತಿದ್ದು ಬೇರೊಂದು ಹೃದಯಕ್ಕೆ. ಅವಳ ತಂಗಿಯ ಮಗಳದ್ದು, ಹದಿನೈದು ವರ್ಷದ ಹುಡುಗಿಯದ್ದು. ಆಸ್ಪತ್ರೆಯ ಹಾಸಿಗೆಯ ಪಕ್ಕದ ಯಂತ್ರದಲ್ಲಿ ಹಸಿರು ಗೆರೆಯೊಂದು ಓಡುತ್ತಿತ್ತು. ಟ್ರಯಲಕ್ಕ ಆ ಗೆರೆಗೆ ಬೈಯುತ್ತಿದ್ದಳು: "ಸರಿಯಾಗಿ ಓಡೇ, ಹಾಳಾದೋಳೇ. ಏನು ಮದುವೆ ಮೆರವಣಿಗೇಲಿ ಹೋಗ್ತಿದೀಯಾ?" ಸಾವು ಬಂದರೆ ಆ ಕಡೆಯಿಂದ ಬರುತ್ತದೆ ಎಂದು ನಾವು ಮುಂಬಾಗಿಲಿಗೆ ಅಗುಳಿ ಹಾಕಿ ಕೂತಿದ್ದೆವು. ಅದು ಹಿತ್ತಿಲಿಂದ ಬಂದು, ಹುಡುಗಿಯನ್ನು ಬಿಟ್ಟು, ಗೆರೆಗೆ ಬೈಯುತ್ತಿದ್ದವಳನ್ನು ಎತ್ತಿಕೊಂಡು ಹೋಯಿತು. ಇದನ್ನು ನನ್ನ ಬುದ್ಧಿ ಇನ್ನೂ ಒಪ್ಪುತ್ತಿಲ್ಲ.

ಅಂಗಡಿಯ ಗಾಜಿನ ಬಾಗಿಲಿಗೆ ಚಿಕ್ಕ ಯಜಮಾನ ಅವಳ ಫೋಟೋ ಅಂಟಿಸಿದ್ದಾನೆ. ವರ್ಷಗಟ್ಟಲೆ ಬಂದುಹೋದ ಗಿರಾಕಿಗಳು ಅದರ ಮುಂದೆ ನಿಂತು, "ಯಾರಿವರು?" ಎಂದು ಕೇಳುತ್ತಾರೆ. ಅವರ ತಪ್ಪಲ್ಲ. ಅವಳನ್ನು ಪೂರ್ತಿಯಾಗಿ ಯಾರೂ ನೋಡಿರಲಿಲ್ಲ.

ನಮ್ಮದು ಬಟ್ಟೆ ಅಂಗಡಿ. ಮೊದಲ ಮಹಡಿಯಲ್ಲಿ ಹೆಂಗಸರ ವಿಭಾಗ. ಅದರ ಕೊನೆಗೆ ಒಂದು ಓಣಿಯಂಥ ಜಾಗ, ಅದರ ಉದ್ದಕ್ಕೂ ಐದು ಟ್ರಯಲ್ ರೂಮು. ಓಣಿಯ ಬಾಯಲ್ಲಿ ಅವಳ ಸ್ಟೂಲು. ಎದುರಿನ ಕಿಟಕಿಯ ಕೆಳಗೆ ನನ್ನ ಹೊಲಿಗೆ ಯಂತ್ರ. ಕೊಂಡ ಬಟ್ಟೆಯನ್ನು ಗಿರಾಕಿಯ ಅಳತೆಗೆ ತಿದ್ದಿಕೊಡುವುದು ನನ್ನ ಕೆಲಸ. ನಮ್ಮಿಬ್ಬರ ನಡುವೆ ಎರಡು ಮಾರು ಜಾಗ. ಹತ್ತೊಂಬತ್ತು ವರ್ಷ ಆ ಎರಡು ಮಾರಿನ ಮೇಲೆ ಮಾತು ಎಸೆದಾಡಿದ್ದೇವೆ. ಅವಳು ಕೆಲಸಕ್ಕೆ ಸೇರಿದ ಹೊಸತರಲ್ಲಿ ಯಾರೋ ಸೇಲ್ಸ್ ಹುಡುಗಿ "ಟ್ರಯಲ್ ರೂಮ್ ಅಕ್ಕ" ಎಂದು ಕರೆದಳು. ನಾಲಿಗೆಗೆ ಉದ್ದವಾಯಿತು. ಟ್ರಯಲಕ್ಕ ಆಯಿತು. ಸಂಬಳ ಕೊಡುವವರಿಗೂ ಅದೇ ಹೆಸರು.

ಅವಳ ಕೆಲಸ ಕೇಳುವುದಕ್ಕೆ ಸುಲಭ. ಬಂದವರ ಕೈಯಲ್ಲಿ ಎಷ್ಟು ಬಟ್ಟೆ ಇದೆ ಎಂದು ಎಣಿಸುವುದು, ರೂಮಿನ ನಂಬರು ಬರೆದ ಪ್ಲಾಸ್ಟಿಕ್ ಬಿಲ್ಲೆಯೊಂದನ್ನು ಕೊಡುವುದು, ಹೊರಗೆ ಬಂದಾಗ ಬಿಲ್ಲೆ ವಾಪಸು ತೆಗೆದುಕೊಂಡು ಮತ್ತೆ ಎಣಿಸುವುದು. ಆದರೆ ಪರದೆಯ ಹಿಂದೆ ಮನುಷ್ಯರಿಗೆ ಏನಾಗುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಒಳಗಿನಿಂದ ಉಸಿರು ಬಿಗಿ ಹಿಡಿದ ಸದ್ದು ಕೇಳಿದರೆ ಸಾಕು, "ಜಿಪ್ಪಿಗೆ ಬಲ ಹಾಕ್ಬೇಡಿ ಅಮ್ಮಾ, ಇನ್ನೊಂದು ಸೈಜ್ ತಂದೆ" ಎಂದು ಎದ್ದೇಬಿಡುತ್ತಿದ್ದಳು.

ಅವಳದೊಂದು ನಿಯಮವಿತ್ತು: ತಪ್ಪು ಯಾವತ್ತೂ ಬಟ್ಟೆಯದ್ದು, ಮೈಯದ್ದಲ್ಲ.

"ಇದು ನಂಗೆ ಬಿಗಿ ಆಯ್ತು" ಎಂದು ಯಾರಾದರೂ ಮುಖ ಸಣ್ಣ ಮಾಡಿಕೊಂಡು ಬಂದರೆ, "ನಿಮಗೆ ಬಿಗಿ ಅಲ್ಲಮ್ಮ, ಹೊಲಿದೋರು ಬಟ್ಟೆಲಿ ಜಿಪುಣತನ ಮಾಡಿದಾರೆ. ಒಂದು ಗೇಣು ಬಟ್ಟೆ ಉಳಿಸಿ ಅರಮನೆ ಕಟ್ಟೋಕೆ ಹೊರಟಿದಾರೆ" ಎನ್ನುತ್ತಿದ್ದಳು. ಹೆಂಗಸರು ನಗುತ್ತಿದ್ದರು, ಇನ್ನೊಂದು ಸೈಜು ಕೇಳುತ್ತಿದ್ದರು.

ಅವಳ ಮೈ ಭಾರಿ. ಅದರ ಬಗ್ಗೆ ಅವಳೇ ಮೊದಲು ತಮಾಷೆ ಮಾಡಿಬಿಡುತ್ತಿದ್ದಳು, ಬೇರೆಯವರಿಗೆ ಅವಕಾಶ ಸಿಗದಂತೆ. "ದೇವರು ಇಬ್ಬರಿಗೆ ಆಗೋ ಮೈ ಕೊಟ್ಟ, ಯಜಮಾನರು ಮಾತ್ರ ಒಬ್ಬರ ಸಂಬಳ ಕೊಡ್ತಾರೆ." ಆದರೆ ಐದು ಕನ್ನಡಿಗಳ ನಡುವೆ ದಿನವಿಡೀ ಓಡಾಡುವ ಆ ಹೆಂಗಸು ಒಂದು ದಿನವೂ ಯಾವುದರ ಮುಂದೆಯೂ ನಿಂತಿದ್ದನ್ನು ನಾನು ಕಂಡಿಲ್ಲ. ಕನ್ನಡಿ ಒರೆಸುವಾಗಲೂ ಪಕ್ಕಕ್ಕೆ ನಿಂತು ಕೈ ಚಾಚಿ ಒರೆಸುತ್ತಿದ್ದಳು. ಅಂಗಡಿಯ ವಾರ್ಷಿಕ ಗ್ರೂಪ್ ಫೋಟೋ ತೆಗೆಯುವಾಗ ಹ್ಯಾಂಗರಿಗೆ ತೂಗಿದ ಕೋಟನ್ನೋ ಗೌನನ್ನೋ ಎದೆಯ ಮುಂದೆ ಹಿಡಿದುಕೊಂಡು ನಿಲ್ಲುವಳು. ಹತ್ತೊಂಬತ್ತು ಫೋಟೋಗಳಲ್ಲೂ ಒಂದೊಂದು ಬಟ್ಟೆ, ಅದರ ಮೇಲೊಂದು ತಲೆ. "ಜಾಹೀರಾತಿಗೆ ಆಯ್ತಲ್ಲ" ಎನ್ನುತ್ತಿದ್ದಳು.

ಈಗ ಮೂರನೇ ನಂಬರಿನ ವಿಷಯ.

ಪುಸ್ತಕಗಳಲ್ಲಿ ಕನ್ನಡಿಯ ಬಗ್ಗೆ ಬಹಳ ಓದಿದ್ದೇನೆ. ಎಲ್ಲ ಪುಸ್ತಕಗಳಲ್ಲೂ ಕನ್ನಡಿ ಸತ್ಯ ಹೇಳುತ್ತದೆ. ಬರೆದವರು ಯಾರೂ ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡಿದವರಲ್ಲ. ಈಗಿಲ್ಲದ ಹಳೆಯ ಯಜಮಾನರು ಒಬ್ಬ ಬಡಗಿಯನ್ನು ಕರೆಸಿ ಮೂರನೇ ರೂಮಿನಲ್ಲಿ ತೆಳ್ಳನೆಯ ಗಾಜಿನ ಕನ್ನಡಿ ಹಾಕಿಸಿದ್ದರು. ಅದರ ಬೆನ್ನ ಹಿಂದೆ, ನಡುಮಧ್ಯದಲ್ಲಿ, ಮೇಲಿಂದ ಕೆಳಗಿನವರೆಗೆ ಒಂದು ಮರದ ಪಟ್ಟಿ. ಎಡಬಲದ ಅಂಚುಗಳಲ್ಲಿ ತಿರುಪುಗಳು. ತಿರುಪು ಬಿಗಿ ಮಾಡಿದರೆ ಅಂಚುಗಳು ಹಿಂದಕ್ಕೆ ಸರಿಯುತ್ತವೆ, ಪಟ್ಟಿಯ ಒತ್ತಿಗೆ ಗಾಜಿನ ನಡು ಕೂದಲೆಳೆಯಷ್ಟು ಮುಂದಕ್ಕೆ ಉಬ್ಬುತ್ತದೆ. ಎದುರಿಗೆ ನಿಂತವರ ಎತ್ತರ ಹಾಗೇ ಇರುತ್ತದೆ, ಅಗಲ ಮಾತ್ರ ಕುಗ್ಗುತ್ತದೆ. ಜಾಸ್ತಿ ಬಿಗಿದರೆ ಮುಖ ಸೌತೆಕಾಯಿಯಾಗಿ ಗುಟ್ಟು ರಟ್ಟಾಗುತ್ತದೆ, ಗಾಜೂ ಒಡೆಯಬಹುದು. ಕಡಿಮೆ ಬಿಗಿದರೆ ಪ್ರಯೋಜನವಿಲ್ಲ. ಆ ಹದ ಟ್ರಯಲಕ್ಕನ ಕೈಯಲ್ಲಿತ್ತು. ವಾರಕ್ಕೊಮ್ಮೆ ಸೊಂಟಕ್ಕೆ ಸಿಕ್ಕಿಸಿದ ಪುಟ್ಟ ಸ್ಕ್ರೂಡ್ರೈವರ್ ತೆಗೆದು ಒಳಗೆ ಹೋಗಿ, ವೀಣೆ ಶ್ರುತಿ ಮಾಡುವವರ ಹಾಗೆ ಚೂರು ತಿರುಗಿಸಿ ಬರುತ್ತಿದ್ದಳು.

ಯಜಮಾನರು ಹಾಕಿಸಿದ್ದು ವ್ಯಾಪಾರಕ್ಕೆ. ಅವಳು ಬಳಸಿದ್ದು ಬೇರೆಯದಕ್ಕೆ. ಎರಡು ಮೂರು ರೂಮು ಹೊಕ್ಕು ಕಣ್ಣು ಕೆಂಪು ಮಾಡಿಕೊಂಡು ಬಂದವರಿಗೆ, ಹೆರಿಗೆಯಾದ ಮೇಲೆ ಮೊದಲ ಸಲ ಬಟ್ಟೆ ಕೊಳ್ಳಲು ಬಂದವರಿಗೆ, ಅತ್ತೆಯ ಜೊತೆ ಬಂದು ಅವರ ಮಾತು ಕೇಳಿಸಿಕೊಂಡವರಿಗೆ ಮೂರನೇ ಬಿಲ್ಲೆ ಕೊಡುತ್ತಿದ್ದಳು. ಒಳಗೆ ಹೋದವರು ಬರುವಾಗ ಬೆನ್ನು ನೆಟ್ಟಗಾಗಿರುತ್ತಿತ್ತು. ಅದು ಅವಳ ದಾನ. ಯಜಮಾನರು ಹೋದ ಮೇಲೆ ಪಟ್ಟಿಯ ಗುಟ್ಟು ನಮ್ಮಿಬ್ಬರಿಗೆ ಮಾತ್ರ ಉಳಿಯಿತು. ಚಿಕ್ಕ ಯಜಮಾನನಿಗೂ ಗೊತ್ತಿರಲಿಲ್ಲ.

ಟ್ರಯಲಕ್ಕ ಮದುವೆಯಾಗಲಿಲ್ಲ. ತಂಗಿಯ ಮನೆಯಲ್ಲೇ ಇದ್ದಳು. ತಂಗಿ ನರ್ಸು, ಪಾಳಿಯ ಕೆಲಸ. ತಂಗಿಯ ಗಂಡ ಬೇಗ ಹೋಗಿಬಿಟ್ಟಿದ್ದ. ಹಾಗಾಗಿ ತಂಗಿಯ ಮಗಳು ಬೆಳೆದದ್ದು ನಮ್ಮ ಓಣಿಯಲ್ಲಿ. ಟ್ರಯಲ್ ರೂಮುಗಳ ನೆಲದಲ್ಲಿ ಬಿದ್ದ ಗುಂಡುಸೂಜಿಗಳನ್ನು ಅಯಸ್ಕಾಂತ ಹಿಡಿದು ಹುಡುಕುವುದು ಅವಳ ಆಟ; ಹುಡುಕಿ ತಂದು ನನ್ನ ಡಬ್ಬಿಗೆ ಹಾಕುವಳು. ಅದಕ್ಕೇ ಸೂಜಿ ಎಂದು ಕರೆದೆವು. ದುಂಡು ಕೆನ್ನೆಯ, ಬಾಯಿ ತುಂಬ ಮಾತಿನ ಮಗು. ಗಿರಾಕಿಗಳ ಪರದೆಯ ಕೆಳಗೆ ತಲೆ ತೂರಿಸಿ, "ಆಂಟಿ, ನಿಮ್ಮ ಕಾಲುಚೀಲ ತೂತು" ಎಂದು ಹೇಳಿ ಓಡಿಬರುತ್ತಿದ್ದಳು. ದೊಡ್ಡಮ್ಮ ಅಟ್ಟಿಸಿಕೊಂಡು ಹೋದರೆ ನನ್ನ ಯಂತ್ರದ ಕೆಳಗೆ ಅಡಗುವಳು.

ಹೈಸ್ಕೂಲು ಸೇರಿದಾಗ ಅಮ್ಮ ಒಂದು ಫೋನು ಕೊಡಿಸಿದಳು. ರಾತ್ರಿ ಪಾಳಿಯಲ್ಲಿದ್ದಾಗ ಮಗಳು ಕೈಗೆ ಸಿಗಲಿ ಎಂದು. ಮಗಳು ಎಲ್ಲರ ಕೈಗೂ ಸಿಕ್ಕಳು.

ಹದಿನಾಲ್ಕನೇ ಹುಟ್ಟುಹಬ್ಬಕ್ಕೆ ನೀಲಿ ಫ್ರಾಕು ಕೊಡಿಸಲು ಟ್ರಯಲಕ್ಕ ಅವಳನ್ನು ಕರೆತಂದಳು. ಒಂದನೇ ರೂಮಿನಿಂದ ಹುಡುಗಿ ತುಟಿ ಉಬ್ಬಿಸಿಕೊಂಡು ಬಂದಳು. "ಚೆನ್ನಾಗಿಲ್ಲ ದೊಡ್ಡಮ್ಮ. ಬಕೆಟ್ ಥರ ಕಾಣ್ತೀನಿ."

ಟ್ರಯಲಕ್ಕ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದಳು. "ಆ ರೂಮಲ್ಲಿ ಬೆಳಕು ಸರಿಯಿಲ್ಲ ಕಣೇ. ಮೂರಕ್ಕೆ ಹೋಗು."

ಮೂರರಿಂದ ಹೊರಬಂದ ಮುಖ ನನಗೆ ಇನ್ನೂ ನೆನಪಿದೆ. ಒಳಗೇ ಫೋಟೋ ತೆಗೆದುಕೊಂಡಿದ್ದಳು, ಕನ್ನಡಿಯಲ್ಲಿ. ಆವತ್ತೇ ಅದನ್ನು ಆನ್‌ಲೈನಿನಲ್ಲಿ ಹಾಕಿದಳು. ಮರುದಿನ ಶಾಲೆ ಬಿಟ್ಟ ಮೇಲೆ ಓಡಿಬಂದು ದೊಡ್ಡಮ್ಮನ ಮುಂದೆ ಫೋನು ಹಿಡಿದಳು. ಎಷ್ಟು ಲೈಕು, ಯಾರ ಕಾಮೆಂಟು, ಯಾವ ಸೀನಿಯರ್ ಅಕ್ಕ ಹೃದಯದ ಚಿತ್ರ ಹಾಕಿದ್ದಾಳೆ ಎಂಬ ವರದಿ. ಅಲ್ಲಿಂದ ವಾರಕ್ಕೊಂದು ಬಟ್ಟೆ, ಕೊಳ್ಳುವುದಕ್ಕಲ್ಲ, ಫೋಟೋಗೆ. ಮೂರನೇ ರೂಮಿನಲ್ಲಿ ಮಾತ್ರ.

"ಏನೇ, ಅಂಗಡಿ ಬಟ್ಟೆನೆಲ್ಲ ಇವಳೇ ಉಟ್ಟು ಹಳೇದು ಮಾಡ್ತಾಳೆ" ಎಂದು ನಾನು ರೇಗಿಸಿದರೆ, "ಹುಡುಗಿ ನಗ್ತಿದಾಳೆ. ನಿಂಗೇನು ಹೊಟ್ಟೆಕಿಚ್ಚು ಟೈಲರಮ್ಮ? ಬೇಕಾದ್ರೆ ನೀನೂ ಹೋಗಿ ತೆಗೆಸ್ಕೋ" ಎನ್ನುವಳು.

ಆಮೇಲೆ ಅವಳ ಗೆಳತಿಯರು ಬಂದರು, ಗೆಳತಿಯರ ಗೆಳತಿಯರು ಬಂದರು. ಬೇರೆ ಶಾಲೆಗಳ ಸಮವಸ್ತ್ರಗಳು ಓಣಿಯಲ್ಲಿ ಕಾಣತೊಡಗಿದವು. ನಾಲ್ಕು ರೂಮು ಖಾಲಿ, ಮೂರಕ್ಕೆ ಸಾಲು. ಯಾರಿಗೂ ಕಾರಣ ಗೊತ್ತಿಲ್ಲ. "ಅಲ್ಲಿ ಫೋಟೋ ಸಕತ್ತಾಗಿ ಬರುತ್ತೆ" ಎಂದಷ್ಟೇ ಗೊತ್ತು. ಚಿಕ್ಕ ಯಜಮಾನ ಕನ್ನಡಿಯ ಸುತ್ತ ಬಿಳಿ ದೀಪಗಳ ಸರ ಹಾಕಿಸಿ, ವ್ಯಾಪಾರ ತನ್ನ ದೀಪದಿಂದ ಎಂದು ನಂಬಿಕೊಂಡ. ನಾವು ಬಾಯಿ ಮುಚ್ಚಿಕೊಂಡು ನಕ್ಕೆವು.

ಒಂದು ದಿನ ಸೂಜಿ ಬರುವುದು ನಿಂತಿತು.

"ಪರೀಕ್ಷೆ" ಎಂದಳು ಟ್ರಯಲಕ್ಕ. "ಓದ್ತಿದಾಳೆ. ಮೂರನೇ ರೂಮಿಗೆ ಯಾವಾಗ ಬರ್ತೀಯೇ ಅಂದ್ರೆ, ಸರಿಯಾದ ಮೇಲೆ ಬರ್ತೀನಿ ಅಂತಾಳೆ."

"ಏನು ಸರಿಯಾಗ್ಬೇಕಂತೆ?"

"ಏನೋಪ್ಪ. ಈಗಿನ ಮಕ್ಕಳ ಮಾತು ನಂಗೆ ಅರ್ಥವಾಗಿದ್ರೆ ನಾನ್ಯಾಕೆ ಸ್ಟೂಲ್ ಮೇಲೆ ಕೂರ್ತಿದ್ದೆ?"

ಸ್ವಲ್ಪ ದಿನಕ್ಕೆ ಹುಡುಗಿಯ ಶಾಲೆಯ ಸ್ಕರ್ಟು ನನ್ನ ಯಂತ್ರಕ್ಕೆ ಬಂತು. ಸೊಂಟ ಒಳಗೆ ತೆಗೆದುಕೊಳ್ಳಬೇಕಂತೆ. ತೆಗೆದುಕೊಟ್ಟೆ. ಮತ್ತೆ ಬಂತು. "ಎತ್ತರ ಆಗ್ತಿದಾಳಲ್ಲ, ಮೈ ಇಳಿಯುತ್ತೆ" ಎಂದಳು ಟ್ರಯಲಕ್ಕ, ಆದರೆ ಈ ಸಲ ನನ್ನ ಮುಖ ನೋಡಿ ಹೇಳಲಿಲ್ಲ. ಮನೆಗೆ ಊಟದ ಡಬ್ಬಿ ಖಾಲಿಯಾಗಿಯೇ ವಾಪಸು ಬರುತ್ತಿತ್ತು. ಶಾಲೆಯ ಗೇಟಿನ ನಾಯಿ ದಪ್ಪಗಾಗಿದ್ದು ಆಮೇಲೆ ಗೊತ್ತಾಯಿತು. ಒಮ್ಮೆ ದೊಡ್ಡಮ್ಮನಿಗೆ ಮನೆಯ ಬೀಗದ ಕೈ ಕೊಡಲು ಹುಡುಗಿ ಅಂಗಡಿಗೆ ಬಂದಳು. ಸೆಕೆಯಲ್ಲೂ ಉದ್ದ ತೋಳಿನ ಸ್ವೆಟರು. ಸೇಲ್ಸ್ ಹುಡುಗಿಯೊಬ್ಬಳು, "ಏನೇ ಸೂಜಿ, ಹೆಸರಿಗೆ ತಕ್ಕ ಹಾಗೆ ಆಗ್ತಿದೀಯಲ್ಲ, ಗುಟ್ಟು ನಮಗೂ ಹೇಳು!" ಎಂದಳು. ಎಲ್ಲರೂ ನಕ್ಕೆವು. ಹುಡುಗಿಯೂ ನಕ್ಕಳು. ಅದು ಅವಳಿಗೆ ಆ ತಿಂಗಳು ಸಿಕ್ಕಿದ ಅತಿ ದೊಡ್ಡ ಬಹುಮಾನವಾಗಿತ್ತು ಎಂದು ನಮಗೆ ಹೇಗೆ ಗೊತ್ತಾಗಬೇಕು?

ಶಾಲೆಯ ಪ್ರಾರ್ಥನೆಯ ಸಾಲಿನಲ್ಲಿ ಬಿದ್ದಳು. ತುಸು ಹೊತ್ತು ಎಚ್ಚರವಾಗಲಿಲ್ಲ. ಆಸ್ಪತ್ರೆಗೆ ಸಾಗಿಸಿದರು.

ಟ್ರಯಲಕ್ಕನ ಹಿಂದೆಯೇ ನಾನೂ ಹೋದೆ. ಆ ಉದ್ದ ತೋಳಿನ ಸ್ವೆಟರನ್ನು ಆಸ್ಪತ್ರೆಯವರು ಕತ್ತರಿಸಿ ತೆಗೆದಿದ್ದರು. ದಿನವೂ ಮನುಷ್ಯರ ಮೈ ಅಳೆಯುವವಳು ನಾನು. ಆ ತೋಳನ್ನು ಕಣ್ಣಲ್ಲೇ ಅಳೆದೆ, ಮತ್ತೆ ಅಳೆದೆ. ಇದೇ ಮನೆಯಲ್ಲಿ, ಇದೇ ಓಣಿಯಲ್ಲಿ, ನಮ್ಮೆಲ್ಲರ ಕಣ್ಣೆದುರು! ಹೃದಯ ಬಹಳ ನಿಧಾನವಾಗಿದೆ, ಇಲ್ಲೇ ಇಟ್ಟುಕೊಂಡು ನೋಡಬೇಕು ಎಂದರು ಡಾಕ್ಟರು. ಅವರು ಇನ್ನೂ ಚಿಕ್ಕ ವಯಸ್ಸಿನ ಹೆಂಗಸು, ಮಾತು ಮೆತ್ತಗೆ. ಎರಡನೇ ದಿನ ಹುಡುಗಿಯ ಪಕ್ಕ ಕೂತು ಕೇಳಿದರು:

"ಯಾರ ಥರ ಆಗ್ಬೇಕು ಅನ್ಸುತ್ತೆ ಪುಟ್ಟಾ? ಫೋನಲ್ಲಿ ಯಾರನ್ನ ನೋಡ್ತೀಯಾ? ತೋರಿಸ್ತೀಯಾ?"

ಯಾವುದೋ ನಟಿಯನ್ನು ತೋರಿಸುತ್ತಾಳೆ ಎಂದು ನಾವೆಲ್ಲ ಕಾದೆವು. ಬಯ್ಯುವುದಕ್ಕೆ ನಮಗೂ ಒಬ್ಬಳು ಬೇಕಿತ್ತು. ಸೂಜಿ ಫೋನು ತೆಗೆದು ಒಂದು ಫೋಟೋ ತೋರಿಸಿದಳು. ನೀಲಿ ಫ್ರಾಕಿನ ಹುಡುಗಿ.

"ಇದು ಯಾರು?" ಎಂದರು ಡಾಕ್ಟರು.

"ನಾನೇ. ಹೋದ ವರ್ಷ ಹೀಗಿದ್ದೆ. ಆಮೇಲೆ ದಪ್ಪ ಆಗ್ಬಿಟ್ಟೆ. ಎಷ್ಟು ಕಷ್ಟಪಟ್ರೂ ವಾಪಸ್ ಇಷ್ಟಾಗ್ತಾ ಇಲ್ಲ."

ಡಾಕ್ಟರು ಆ ಫೋಟೋ ನೋಡಿದರು, ಹುಡುಗಿಯನ್ನು ನೋಡಿದರು. ಅವರಿಗೆ ಏನೂ ತಿಳಿಯಲಿಲ್ಲ. ನನಗೆ ತಿಳಿಯಿತು. ತಿರುಗಿ ನೋಡಿದರೆ ಟ್ರಯಲಕ್ಕ ಹಾಸಿಗೆಯ ಪಕ್ಕ ಇರಲಿಲ್ಲ. ಹೊರಗೆ ಓಡಾಡುವವರ ಕಾಲಡಿಯಲ್ಲಿ, ನೆಲದ ಮೇಲೆ ಕೂತುಬಿಟ್ಟಿದ್ದಳು.

"ಮೂರನೇದು" ಎಂದಳು. ಮತ್ತೆ, "ಟೈಲರಮ್ಮ, ಮೂರನೇದು ಕಣೇ."

ಉಳಿದದ್ದು ಹುಡುಗಿಯ ಬಾಯಿಂದ ತುಂಡುತುಂಡಾಗಿ ಬಂತು. ಶಾಲೆಯ ಪ್ರವಾಸದಲ್ಲಿ ಯಾರೋ ಸಹಪಾಠಿ ತೆಗೆದ ಗುಂಪು ಫೋಟೋ. ಬಯಲಿನಲ್ಲಿ, ಹಗಲಿನಲ್ಲಿ, ಸುಳ್ಳಿಲ್ಲದ ಬೆಳಕಿನಲ್ಲಿ. ಅದರ ಕೆಳಗೆ ಬಂದ ಮಾತುಗಳು. "ಇದು ನೀನೇನಾ?" "ಒಂದೇ ತಿಂಗಳಲ್ಲಿ ಏನು ತಿಂದ್ಯೇ?" "ಟ್ರಯಲ್ ರೂಮ್ ಸುಂದರಿ ಊದ್ಕೊಂಡಳು." ಸೂಜಿ ಎರಡೂ ಫೋಟೋ ಅಕ್ಕಪಕ್ಕ ಇಟ್ಟು ನೋಡಿದಳು. ಜನ ಹೇಳಿದ್ದು ನಿಜವೆನಿಸಿತು. ಮೊದಲು ಹಾಗಿದ್ದೆ, ಈಗ ಹೀಗಿದ್ದೇನೆ. ನಡುವೆ ಮಾಡಿದ ತಪ್ಪು ಒಂದೇ, ಊಟ. ಮನೆಯ ಬಚ್ಚಲಿನ ಕನ್ನಡಿಯ ಮುಂದೆ ಆ ಫೋಟೋ ಹಿಡಿದು ದಿನವೂ ತನ್ನನ್ನು ಅದಕ್ಕೆ ಹೋಲಿಸಿಕೊಂಡಳು. ಬೇರೆ ಮಕ್ಕಳು ಯಾರು ಯಾರನ್ನೋ ನೋಡಿ ಕರುಬುತ್ತಾರೆ. ಇವಳು ಕರುಬಿದ್ದು ತನ್ನನ್ನೇ. ಅದೂ ಎಂದೂ ಹುಟ್ಟದ ತನ್ನನ್ನು.

ಅಂದು ಸಂಜೆ ಟ್ರಯಲಕ್ಕ ಅವಳ ಕೈ ಹಿಡಿದು ಎಲ್ಲ ಹೇಳಿದಳು. ಪಟ್ಟಿ, ತಿರುಪು, ಹಳೆಯ ಯಜಮಾನರು, ಎಲ್ಲ. "ನೀನು ಯಾವತ್ತೂ ಆ ಫೋಟೋದಷ್ಟು ಇರಲೇ ಇಲ್ಲ ಕಣೇ. ದಪ್ಪ ಆಗಲೂ ಇಲ್ಲ. ಆ ಕನ್ನಡಿ ಸುಳ್ಳು."

ಅಪರಾಧ ಒಪ್ಪಿಕೊಂಡರೆ ಹುಡುಗಿ ಅಳುತ್ತಾಳೆ, ಬೈಯುತ್ತಾಳೆ ಎಂದುಕೊಂಡಿದ್ದೆ. ಸೂಜಿ ಕರುಣೆಯಿಂದ ನಕ್ಕಳು.

"ನಾನು ಊಟ ಮಾಡ್ಲಿ ಅಂತ ಕಥೆ ಕಟ್ತಿದೀಯಾ ದೊಡ್ಡಮ್ಮ. ಚೆನ್ನಾಗಿ ಕಟ್ಟಿದೀಯ."

"ನಿನ್ನಾಣೆ ಕಣೇ!"

"ಹಾಗಾದ್ರೆ ಒಂದು ಹೇಳು. ಸಣ್ಣ ಕಾಣ್ಸೋ ಕನ್ನಡಿ ನಿನ್ನ ಕೈಯಲ್ಲೇ ಇದ್ರೆ, ನೀನು ಒಂದಿನಾನೂ ಅದರ ಮುಂದೆ ಯಾಕೆ ನಿಲ್ಲಲಿಲ್ಲ? ಎಲ್ರಿಗಿಂತ ಮೊದ್ಲು ನೀನೇ ನಿಂತ್ಕೋತಿದ್ದೆ."

ಟ್ರಯಲಕ್ಕ ಹಿಡಿದಿದ್ದ ಅವಳ ಕೈಯನ್ನು ಹೊದಿಕೆಯೊಳಗೆ ಸೇರಿಸಿ ಎದ್ದಳು.

ಅಲ್ಲಿಂದ ಅವಳಿಗೆ ಒಂದೇ ಧ್ಯಾನ: ಈ ಮಗು ತನ್ನ ಮಾತು ನಂಬಬೇಕು. ನಂಬದಿದ್ದರೆ ಮನೆಗೆ ಹೋದ ಮೇಲೆ ಮತ್ತೆ ಅದೇ ಬಚ್ಚಲು, ಅದೇ ಫೋಟೋ. ಡ್ರಿಪ್ಪಿನಲ್ಲಿ ಮೈಗೇರಿದ್ದೆಲ್ಲ ನೀರುಪಾಲು. ಚಿಕ್ಕ ಯಜಮಾನನ ಬಳಿ ಹೋಗಿ ನಿಂತಳು.

"ಯಜಮಾನ್ರೇ, ಮೂರನೇ ಕನ್ನಡಿ ತೆಗೀಬೇಕು." ಕಾರಣವನ್ನೂ ಹೇಳಿದಳು.

ಅವನು ಮೊದಲು ನಂಬಲಿಲ್ಲ, ಹೋಗಿ ತಡಕಿ ನೋಡಿ ಬಂದ, ತಲೆಯಾಡಿಸಿ ನಕ್ಕ. "ನಮ್ಮಪ್ಪ ಮಹಾ ಚಾಣಾಕ್ಷ! ಅಕ್ಕ, ನೀವು ಬೇರೆ ಏನು ಬೇಕಾದ್ರೂ ಕೇಳಿ. ಮಗು ಆಸ್ಪತ್ರೆ ಖರ್ಚಿಗೆ ನಾನಿದೀನಿ. ಆದ್ರೆ ಅದನ್ನ ಮುಟ್ಟಬೇಡಿ. ಹೊರಗೂ ಬಾಯಿ ಬಿಡ್ಬೇಡಿ. ನಮ್ಮ ಅರ್ಧ ಗಿರಾಕಿಗಳು ಆ ರೂಮಿಗೇ ಬರೋದು."

"ಹೂಂ, ಬರ್ತಾರೆ" ಎಂದಳು ಟ್ರಯಲಕ್ಕ. "ಅವರೆಲ್ಲ ಮನೆಗೆ ಹೋಗಿ ಏನ್ ಮಾಡ್ತಿದಾರೋ ಯಾರಿಗೆ ಗೊತ್ತು."

ಅವನು ನಗು ನಿಲ್ಲಿಸಿದ. ಆದರೆ ಹೂಂ ಅನ್ನಲಿಲ್ಲ.

ಸೋಮವಾರ ಹುಡುಗಿಯನ್ನು ಮನೆಗೆ ಕಳಿಸಿದರು. ಮಂಗಳವಾರ ಬೆಳಿಗ್ಗೆ ಮತ್ತೆ ಡಾಕ್ಟರಿಗೆ ತೋರಿಸಲು ಹೊರಟಾಗ ಟ್ರಯಲಕ್ಕ ಟ್ಯಾಕ್ಸಿಯನ್ನು ಅಂಗಡಿಯ ಮುಂದೆ ನಿಲ್ಲಿಸಿದಳು. ತಂಗಿ ಕೆಳಗೆ ಟ್ಯಾಕ್ಸಿಯಲ್ಲೇ ಕೂತಳು. ಬಾಗಿಲು ಆಗತಾನೇ ತೆಗೆದಿತ್ತು, ಗಿರಾಕಿಗಳಿರಲಿಲ್ಲ, ಯಜಮಾನ ಬಂದಿರಲಿಲ್ಲ. ನಾನು ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದೆ. ದೊಡ್ಡಮ್ಮ ಮುಂದೆ, ಗೋಡೆ ಹಿಡಿದುಕೊಂಡು ಹುಡುಗಿ ಹಿಂದೆ.

"ನಾನು ಕನ್ನಡಿ ನೋಡಲ್ಲ" ಎಂದಳು ಸೂಜಿ, ಪರದೆಯ ಹತ್ತಿರ ನಿಂತು.

"ನೀನು ನೋಡ್ಬೇಡ. ನಿಂಗೆ ಕೆಲಸ ಇದೆ. ನಿಲ್ಲೋಳು ನಾನು."

ಸ್ಕ್ರೂಡ್ರೈವರನ್ನು ಹುಡುಗಿಯ ಕೈಗೆ ಕೊಟ್ಟಳು. ಎರಡು ಸಲ ಉಸಿರು ತೆಗೆದುಕೊಂಡಳು. ಹತ್ತೊಂಬತ್ತು ವರ್ಷ ಪಕ್ಕಕ್ಕೆ ನಿಂತು ಒರೆಸಿದ ಆ ಕನ್ನಡಿಯ ಎದುರಿಗೆ ಹೋಗಿ ನಿಂತು, ತಲೆ ಎತ್ತಿದಳು.

"ಅಯ್ಯಯ್ಯೋ!" ಎಂದಳು. "ಇವಳ್ಯಾರೇ? ನಮ್ಮಮ್ಮ ಬಂದು ನಿಂತಿದಾಳಲ್ಲ!"

ಹುಡುಗಿಗೆ ತಡೆಯಲಾಗದೆ ನಗು ಬಂತು.

"ನಗ್ಬೇಡ. ನೋಡು ನನ್ನ. ಎಷ್ಟು ಅಗಲ ಇದೀನಿ? ಕನ್ನಡಿ ಅಂಚಿಂದ ಅಳತೆ ಹಿಡಿ. ಹಿಡಿದ್ಯಾ? ಈಗ ಬಲಗಡೆ ತಿರುಪು ಸಡಿಲ ಮಾಡು. ಮೇಲಿಂದು. ಇನ್ನೂ ಒಂದು ಸುತ್ತು. ಈಗ ಎಡಗಡೇದು."

ಆ ಮಣಿಕಟ್ಟಿನಲ್ಲಿ ಶಕ್ತಿ ಇರಲಿಲ್ಲ. ಎರಡೂ ಕೈ ಹಿಡಿದು ತಿರುಗಿಸಿದಳು. ಗಾಜಿನಿಂದ ಕಿರ್ ಎಂದು ಸಣ್ಣ ಸದ್ದು ಬಂತು. ಕನ್ನಡಿಯೊಳಗಿನ ಟ್ರಯಲಕ್ಕ ನಿಧಾನವಾಗಿ ಎರಡೂ ಪಕ್ಕಕ್ಕೆ ಹರಡಿದಳು.

"ಬಂದೆ ನೋಡು" ಎಂದಳು. "ಈಗ ಪೂರ್ತಿ ಬಂದೆ."

ಸೂಜಿ ತಿರುಪನ್ನು ಮತ್ತೆ ಬಿಗಿದಳು, ದೊಡ್ಡಮ್ಮ ಸಣ್ಣಗಾದಳು. ಸಡಿಲಿಸಿದಳು, ದಪ್ಪಗಾದಳು. ಮತ್ತೆ ಬಿಗಿದಳು. ನಾನು ಪರದೆ ಹಿಡಿದು ನಿಂತಿದ್ದೆ. ಎಲ್ಲ ಗೊತ್ತಿದ್ದ ನಾನೂ ಕತ್ತು ಚಾಚಿ ನೋಡಿದೆ. ಇಷ್ಟು ಚಿಕ್ಕ ತಿರುಪಾ? ಇಷ್ಟೇನಾ?

ಹುಡುಗಿ ಫೋನು ತೆಗೆದು ನೀಲಿ ಫ್ರಾಕಿನ ಫೋಟೋ ನೋಡಿದಳು. ಒಳಗಿನ ಪುಟ್ಟ ಬೆಂಚಿನ ಮೇಲೆ ಕುಸಿದಳು.

"ಹಾಗಾದ್ರೆ ಈ ಫೋಟೋಲಿರೋಳು ಯಾರು?"

"ಯಾರೂ ಇಲ್ಲ ಕಣೇ. ಒಂದು ಮರದ ಪಟ್ಟಿ."

"ನಿಂಗೆ ಗೊತ್ತಿತ್ತು."

"ಗೊತ್ತಿತ್ತು."

"ಯಾಕೆ ಹೇಳ್ಲಿಲ್ಲ?"

"ನೀನು ನಗ್ತಿದ್ದೆ" ಎಂದಳು ಟ್ರಯಲಕ್ಕ.

ಆಗ ಹುಡುಗಿ ಅತ್ತಳು. ಅವಳು ಬಿದ್ದಾಗಿನಿಂದ ಅತ್ತಿರಲಿಲ್ಲ. ದೊಡ್ಡಮ್ಮನ ಹೊಟ್ಟೆಗೆ ಮುಷ್ಟಿಯಿಂದ ಗುದ್ದಿದಳು, ಅದೇ ಹೊಟ್ಟೆಗೆ ಮುಖ ಒತ್ತಿ ಅತ್ತಳು. ಆಮೇಲೆ ಇಬ್ಬರೂ ಸೇರಿ ತಿರುಪು ಪೂರ್ತಿ ಬಿಚ್ಚಿದರು. ನಾನು ಗಾಜು ಹಿಡಿದುಕೊಂಡೆ. ಪಟ್ಟಿ ಹೊರಬಂತು, ಬರೀ ಧೂಳು. ಕನ್ನಡಿಯನ್ನು ನೆಟ್ಟಗೆ ಕೂರಿಸಿದೆವು. ಟ್ರಯಲಕ್ಕ ಪಟ್ಟಿಯನ್ನು ನನ್ನ ಕೈಗಿಟ್ಟು, "ತಗೋ, ಅಳತೆ ಕೋಲು ಮಾಡ್ಕೋ. ಇನ್ಮೇಲಾದ್ರೂ ನಿಜ ಹೇಳ್ಲಿ" ಎಂದಳು.

"ದೊಡ್ಡಮ್ಮ, ನಿಂತ್ಕೋ. ನಿನ್ನ ಫೋಟೋ ತೆಗೀತೀನಿ" ಎಂದಳು ಸೂಜಿ.

ಟ್ರಯಲಕ್ಕನ ಕೈ ಅಭ್ಯಾಸಬಲದಿಂದ ಕೊಕ್ಕೆಯಲ್ಲಿ ತೂಗುತ್ತಿದ್ದ ಗೌನಿನ ಕಡೆ ಹೋಯಿತು. ಹುಡುಗಿ ಹ್ಯಾಂಗರನ್ನು ಕಿತ್ತುಕೊಂಡಳು. "ಅದಿಲ್ಲದೆ."

ಅವಳು ಎರಡೂ ಕೈ ಕೆಳಗೆ ಬಿಟ್ಟು ನಿಂತಳು. ಏನು ಮಾಡಬೇಕೆಂದು ತಿಳಿಯದ ಕೈಗಳು. ಅಗಲವಾದ, ಬೆವರಿದ, ನಗುವೋ ಅಳುವೋ ತಿಳಿಯದ ಮುಖ. ಹುಡುಗಿ ತೆಗೆದಳು. ಅಂಗಡಿಯ ಬಾಗಿಲ ಮೇಲೆ ಈಗ ಇರುವುದು ಅದೇ.

"ಹಾಕ್ಲಾ?"

"ಹಾಕು. ಬೈಯೋರು ನಂಗೆ ಬೈಲಿ. ನಂಗೆ ಓದೋಕೆ ಕನ್ನಡಕ ಇಲ್ಲ."

ಹೊರಡುವಾಗ ಸೂಜಿ ನನ್ನ ಯಂತ್ರದ ಬಳಿ ನಿಂತಳು. ಸ್ಕರ್ಟಿನ ಸೊಂಟವನ್ನು ಬೆರಳಲ್ಲಿ ಹಿಡಿದು ಕೇಳಿದಳು: "ಆಂಟಿ, ಒಳಗೆ ತಗೊಂಡಾಗ ಮಿಕ್ಕ ಬಟ್ಟೆ ಕತ್ತರಿಸಿಬಿಟ್ರಾ?"

"ಇಲ್ಲಮ್ಮ. ಮಡಿಸಿ ಹೊಲಿದಿದೀನಿ. ಒಳಗೇ ಇದೆ."

ಅವಳು ತಲೆಯಾಡಿಸಿದಳು. ಮೆಟ್ಟಿಲಿಳಿದು ಅಮ್ಮನ ಬಳಿ ಹೋದಳು. ಟ್ರಯಲಕ್ಕ ಅವಳು ಕಾಣದಾಗುವವರೆಗೆ ನೋಡಿ, ಎದೆಯ ಮೇಲೆ ಕೈಯಿಟ್ಟು ಸ್ಟೂಲಿನ ಮೇಲೆ ಕೂತಳು. ಸುಸ್ತು ಎಂದಳು. ಆಗಬೇಕಾದ್ದೇ ಎಂದುಕೊಂಡೆ. ನೀರು ಕೊಟ್ಟೆ, ಕುಡಿದಳು.

ದಿನದ ಮೊದಲ ಗಿರಾಕಿ ಬಂದಳು. ಅಮ್ಮನ ಹಿಂದೆ ಅಡಗಿಕೊಂಡು, ಭುಜ ಮುಂದಕ್ಕೆ ಬಾಗಿಸಿ ನಡೆಯುತ್ತಿದ್ದ ದುಂಡನೆಯ ಹುಡುಗಿ. ಟ್ರಯಲಕ್ಕ ಅವಳ ಕೈಯಲ್ಲಿದ್ದ ಬಟ್ಟೆ ಎಣಿಸಿದಳು. ಬಿಲ್ಲೆಗಳ ಗೊಂಚಲಿನಲ್ಲಿ ಹುಡುಕಿ ಒಂದನ್ನು ಬಿಡಿಸಿ ಚಾಚಿದಳು.

"ಮೂರಕ್ಕೆ ಹೋಗಮ್ಮ" ಎಂದಳು. "ಕನ್ನಡಿ ನೆಟ್ಟಗಿದೆ."